ಅರುವತ್ತುಮೂರರ ಕಂಠ

ಗದ್ದಲವೇ ಬೇರೆ, ನಾದವೇ ಬೇರೆ ಎಂದು ನಾವು ಮೂವತ್ತು ವರ್ಷಕಾಲ ಮಕ್ಕಳಿಗೆ ಬೋಧಿಸಿದವರು. ಆದಕಾರಣ ಕಿರಿಯ ಮಗನ ಕೋಣೆಯಿಂದ ಹೆವಿ ಮೆಟಲ್ ಎಂಬ ಪಾಶ್ಚಾತ್ಯ ಸಂಗೀತವು ಕೇಳಿಬಂದಾಗಲೆಲ್ಲ ಬಾಗಿಲನ್ನು ಮುಚ್ಚಿಸುವುದೇ ನಮ್ಮ ವಾಡಿಕೆಯಾಗಿತ್ತು. ಕಳೆದ ತಿಂಗಳು ಅವನು, "ಅಪ್ಪಾ, ಇದನ್ನು ಹಾಡುವಾಗ ಅವರಿಗೆ ನಿಮಗಿಂತ ಹೆಚ್ಚು ವಯಸ್ಸಾಗಿತ್ತು, ಒಂದು ಸಲ ಕೇಳಿ, ಆಮೇಲೆ ಬೈಯಿರಿ" ಎಂದನು. ಮಾತಿನಲ್ಲಿ ನ್ಯಾಯವಿದ್ದುದರಿಂದ ಕುಳಿತು ಕೇಳಿದೆವು.

ಹಾಡಿದವನು ರಾನಿ ಜೇಮ್ಸ್ ಡಿಯೋ. 1942ರಲ್ಲಿ ಅಮೆರಿಕಾ ದೇಶದಲ್ಲಿ, ಇಟಲಿ ಮೂಲದ ಮನೆತನವೊಂದರಲ್ಲಿ ಜನಿಸಿದ ಈತನು ರೈನ್‌ಬೋ, ಬ್ಲ್ಯಾಕ್ ಸಬಾತ್ ಎಂಬ ಹೆಸರಾಂತ ಮೇಳಗಳಲ್ಲಿ ಹಾಡಿ, ತರುವಾಯ ತನ್ನ ಹೆಸರಿನದೇ ಮೇಳವನ್ನು ಕಟ್ಟಿ, 1983ರಲ್ಲಿ 'ಹೋಲಿ ಡೈವರ್' ಎಂಬ ಒಂಬತ್ತು ಹಾಡುಗಳ ಆಲ್ಬಮನ್ನು ಹೊರತಂದನು. ಇಪ್ಪತ್ತೆರಡು ವರ್ಷಗಳು ಕಳೆದಮೇಲೆ, 2005ರ ಅಕ್ಟೋಬರ್ 22ರಂದು, ಲಂಡನ್ನಿನ ಅಸ್ಟೋರಿಯಾ ರಂಗಮಂದಿರದಲ್ಲಿ ಆ ಒಂಬತ್ತನ್ನೂ ಒಂದೂ ಬಿಡದೆ ಸಭೆಯ ಮುಂದೆ ಹಾಡಿದನು. ಆಗ ಆತನಿಗೆ 63 ವರ್ಷ. ಆ ರಾತ್ರಿಯ ಗಾನವೇ 2006ರಲ್ಲಿ 'ಹೋಲಿ ಡೈವರ್ ಲೈವ್' ಎಂಬ ಹೆಸರಿನಿಂದ ಎರಡು ತಟ್ಟೆಗಳಾಗಿ ಪ್ರಕಟವಾಯಿತು.

ಧ್ವನಿಮುದ್ರಣದ ಕೊಠಡಿಯಲ್ಲಿ ತಪ್ಪಿದ ಸಾಲನ್ನು ಹತ್ತು ಸಲ ಹಾಡಿ ತಿದ್ದಿಕೊಳ್ಳಬಹುದು. ಸಭೆಯಲ್ಲಿ ಜಾರಿದ ಸ್ವರವನ್ನು ಹಿಂದಕ್ಕೆ ಕರೆಯಲಾಗದು. ಅರುವತ್ತು ದಾಟಿದವನು ನಲುವತ್ತರಲ್ಲಿ ಹಾಡಿದ್ದನ್ನು ಅದೇ ಕ್ರಮದಲ್ಲಿ ಮತ್ತೆ ಹಾಡುವುದೆಂದರೆ, ತನ್ನ ಯೌವನದೊಡನೆ ತಾನೇ ಪಂದ್ಯಕ್ಕೆ ನಿಂತಂತೆ. 'ಡೋಂಟ್ ಟಾಕ್ ಟು ಸ್ಟ್ರೇಂಜರ್ಸ್' ಎಂಬ ಹಾಡು ಮಂದ್ರವಾದ ಮಾತಿನಂತೆ ಮೊದಲಾಗಿ, ಥಟ್ಟನೆ ಸಿಡಿಲಿನಂತೆ ಮೇಲೇರುವುದು. ಕಂಠವು ಮುಂಚಿಗಿಂತ ಗಡಸಾಗಿದೆ ನಿಜ. ಆದರೆ ಏರುವಲ್ಲಿ ಅದು ಹಿಂಜರಿಯುವುದಿಲ್ಲ.

ಇದರ ಗುಟ್ಟು ಉಸಿರಿನಲ್ಲಿದೆ. ಡಿಯೋ ಯಾರಲ್ಲಿಯೂ ಗಾಯನವನ್ನು ಕ್ರಮವಾಗಿ ಕಲಿತವನಲ್ಲ. ಬಾಲ್ಯದಲ್ಲಿ ಟ್ರಂಪೆಟ್ ಎಂಬ ಹಿತ್ತಾಳೆಯ ತುತ್ತೂರಿಯನ್ನು ಅಭ್ಯಾಸಮಾಡಿದವನು. ಅದನ್ನು ಊದಲು ಹೊಟ್ಟೆಯ ಆಳದಿಂದ ಶ್ವಾಸವನ್ನು ತೂಗಿ ಬಿಡಬೇಕು. ತನ್ನ ಕಂಠಶಕ್ತಿಗೆ ಆ ಅಭ್ಯಾಸವೇ ಮೂಲವೆಂದು ಆತನೇ ಹೇಳುತ್ತಿದ್ದನು. ಪ್ರಾಣವಾಯುವೂ ದೇಹದ ಅಗ್ನಿಯೂ ಕೂಡಿದಲ್ಲಿ ನಾದವು ಹುಟ್ಟುವುದೆಂದು ಹದಿಮೂರನೆಯ ಶತಮಾನದಲ್ಲಿ ಶಾರ್ಙ್ಗದೇವನು 'ಸಂಗೀತರತ್ನಾಕರ'ದಲ್ಲಿ ವಿವರಿಸಿದ್ದಾನೆ. ಅದನ್ನು ನಾವು ಎಷ್ಟೋ ಸಲ ಪಾಠ ಹೇಳಿದ್ದೆವು. ಅದರ ಉದಾಹರಣೆಯು ನಾವು ಮುಚ್ಚಿಸಿದ ಬಾಗಿಲಿನ ಹಿಂದೆಯೇ ಇದ್ದಿತೆಂಬುದನ್ನು ಅರಿಯಲಿಲ್ಲ.

ಎಲ್ಲವೂ ನಮಗೆ ರುಚಿಸಿತೆಂದಲ್ಲ. ನಡುವೆ ಡ್ರಮ್ ಬಾರಿಸುವವನು ಒಬ್ಬನೇ ಬಹಳ ಹೊತ್ತು ನುಡಿಸುವಾಗ, ತನಿ ಆವರ್ತನಕ್ಕೆ ಎದ್ದು ಕಾಫಿಗೆ ಹೋಗುವ ನಮ್ಮ ಸಭಿಕರ ನೆನಪಾಯಿತು. ಗಿಟಾರುಗಳ ಆರ್ಭಟಕ್ಕೆ ಕಿವಿ ಇನ್ನೂ ಒಗ್ಗಬೇಕಾಗಿದೆ.

ಆದರೂ ಒಂದು ಮಾತು ಮನಸ್ಸನ್ನು ಚುಚ್ಚಿತು. ನಾವು ಒಂದೇ 'ರಘುವಂಶ'ವನ್ನು ವರ್ಷವರ್ಷವೂ ಪಾಠ ಹೇಳಿದವರು. ಕಡೆಕಡೆಯ ವರ್ಷಗಳಲ್ಲಿ ಬಾಯಿ ಹೇಳುತ್ತಿದ್ದಿತು, ಮನಸ್ಸು ಗಂಟೆಯನ್ನು ಎದುರುನೋಡುತ್ತಿದ್ದಿತು. ನಮಗೆ ಅದು ಹಳೆಯ ಪಾಠ. ಎದುರಿಗೆ ಕುಳಿತ ಹುಡುಗನಿಗೆ ಅದೇ ಮೊದಲು. ಡಿಯೋ ಮಾತ್ರ ಇಪ್ಪತ್ತೆರಡು ವರ್ಷ ಹಾಡಿದ ಹಾಡಿಗೂ ಆ ರಾತ್ರಿ ಹೊಸ ಉಸಿರನ್ನೇ ಕೊಟ್ಟಿದ್ದಾನೆ. ಪುನರುಕ್ತಿಯು ದೋಷವೆಂದು ಆಲಂಕಾರಿಕರು ಹೇಳುವರು. ಉಸಿರಿಲ್ಲದ ಪುನರುಕ್ತಿಯೇ ದೋಷವೆಂದು ಈಗ ನಮಗೆ ತೋರುತ್ತದೆ.

ಅಸ್ಟೋರಿಯಾ ರಂಗಮಂದಿರವು 2009ರಲ್ಲಿ ಮುಚ್ಚಿ, ನೂತನ ರೈಲುಮಾರ್ಗದ ಕಾಮಗಾರಿಗಾಗಿ ನೆಲಸಮವಾಯಿತು. 2010ರ ಮೇ 16ರಂದು ಡಿಯೋ ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡನು. ಮಂದಿರವೂ ಇಲ್ಲ, ಹಾಡಿದವನೂ ಇಲ್ಲ. ಆ ಒಂದು ರಾತ್ರಿಯ ಉಸಿರು ಮಾತ್ರ ಉಳಿದಿದೆ.

ವಾಚಕರ ಮನೆಗಳಲ್ಲಿಯೂ ಇಂತಹ ಮುಚ್ಚಿದ ಬಾಗಿಲುಗಳು ಇರಬಹುದು. ಹಿರಿಯರು ಒಂದು ಸಲ ಕುಳಿತು ಕೇಳಿ, ಆಮೇಲೆ ಬೈಯುವುದರಲ್ಲಿ ನಷ್ಟವೇನೂ ಇಲ್ಲ. ನಮ್ಮ ಮನೆಯಲ್ಲಿ ಈಗ ಆ ಬಾಗಿಲು ತೆರೆದೇ ಇರುತ್ತದೆ. ಸದ್ದನ್ನು ಮಗನು ತಾನಾಗಿಯೇ ತಗ್ಗಿಸಿದ್ದಾನೆ.