ಒಂದೇ ಗುಡಿ, ಎರಡು ಕಾಲ

ಬೆಳಗಾವಿಯ ಶಾಲಾ ಮಕ್ಕಳು ಖಾನಾಪುರ ತಾಲ್ಲೂಕಿನ ಹಲಸಿಗೆ ಪ್ರವಾಸ ಹೋದರೆ ಭೂವರಾಹ ನರಸಿಂಹ ಗುಡಿಯ ಮುಂದೆ ಕೇಳುವ ಪ್ರಶ್ನೆ ಒಂದೇ: ‘ಇದನ್ನು ಯಾವಾಗ ಕಟ್ಟಿದರು?’ ಇದಕ್ಕೆ ಒಂದೇ ಇಸವಿ ಹೇಳಿದರೆ ಉತ್ತರ ಅರ್ಧವಾದೀತು.

ಒಳಗೆ ಎರಡು ಗರ್ಭಗುಡಿಗಳು ಎದುರುಬದುರಾಗಿವೆ. ಗೋವೆಯ ಕದಂಬ ದೊರೆ ಶಿವಚಿತ್ತ ಪೆರ್ಮಾಡಿಯ ಶಾಸನ ನರಸಿಂಹನಿಗೆ ಬಿಟ್ಟ ದತ್ತಿಯನ್ನು ತಿಳಿಸುತ್ತದೆ. ಅದರ ಕಾಲ ಕಲಿಯುಗ 4270, ವಿರೋಧಿ ಸಂವತ್ಸರ. 4270ರಲ್ಲಿ 3101 ಕಳೆದರೆ ಕ್ರಿ.ಶ. 1169. ಲೆಕ್ಕ ಸರಿಯೇ? ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ಮರಳುತ್ತದೆ. 2009ರ ಯುಗಾದಿಗೆ ಬಂದದ್ದೂ ವಿರೋಧಿಯೇ. ನಡುವಿನ ಅಂತರ 840 ವರ್ಷ, ಸರಿಯಾಗಿ 14 ಸುತ್ತು. ತಾಳೆಯಾಯಿತು! ಆದರೆ ವರಾಹ ಮೂರ್ತಿಯ ಪ್ರತಿಷ್ಠೆ 1186-87ರದು.

ಕಾರ್ಬನ್ ಪರೀಕ್ಷೆ ಮಾಡಬಾರದೇ? ಒಂದು ಕಾಲಕ್ಕೆ ಜೀವವಿದ್ದ ಮರ, ಮೂಳೆ, ಇದ್ದಿಲಿಗೆ ಮಾತ್ರ ಅದು ಸಲ್ಲುತ್ತದೆ, ಕಲ್ಲಿಗಲ್ಲ. ಫ್ರಾನ್ಸಿನ ಹಳೆಯ ಹಳ್ಳಿ ಚರ್ಚುಗಳಲ್ಲಾದರೆ ಚಾವಣಿಯ ತೊಲೆಗಳ ಉಂಗುರಗಳಿಂದಲೂ ಕಾಲ ತಿಳಿಯಬಹುದು. ಕಲ್ಲಿನ ಗುಡಿಯಲ್ಲಿ ಶಾಸನವೇ ಆಧಾರ. ಆದರೆ ಅದು ಹೇಳುವುದು ದತ್ತಿಯ ಕಾಲವನ್ನು, ಪ್ರತಿ ಗೋಡೆಯ ಕಾಲವನ್ನಲ್ಲ.

ಉಳಿದದ್ದನ್ನು ಗೋಡೆಯ ಸಂದುಗಳೇ ಹೇಳಬೇಕು. ಎರಡು ಗೋಡೆ ಕೂಡುವಲ್ಲಿ ಕಲ್ಲುಗಳು ಒಂದರೊಳಗೊಂದು ಹೆಣೆದಿದ್ದರೆ ಅವು ಒಟ್ಟಿಗೆ ಎದ್ದವು. ಮೇಲಿನಿಂದ ಕೆಳಗೆ ನೇರ ಸಂದಿದ್ದರೆ ಒಂದು ಆಮೇಲೆ ಸೇರಿರಬಹುದು. ಸಿಮೆಂಟು ಮೆತ್ತಿದರೆ ಈ ಗುರುತು ಮುಚ್ಚಿಹೋಗುತ್ತದೆ. ಆದ್ದರಿಂದ ನಿಮ್ಮೂರ ಹಳೆಯ ಗುಡಿಯ ಜೀರ್ಣೋದ್ಧಾರಕ್ಕೆ ಹೊರಟಾಗ, ಹಿರಿಯರು ಮೊದಲು ಅದರ ಸಂದುಗಳ, ಶಾಸನಗಳ ಫೋಟೊ ತೆಗೆಸಿಡಲಿ. ಅಳಿಸಿದ ಪುಟವನ್ನು ಮತ್ತೆ ಓದಲಾಗದು.