ಸಹಕಾರ ಸಂಘದ ಗಣಕವೂ ಗುಮಾಸ್ತರ ಶಿಕ್ಷಣವೂ

1905ರಲ್ಲಿ ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘವನ್ನು ಸ್ಥಾಪಿಸಿದಂದಿನಿಂದ ಇಂದಿನವರೆಗೆ, ಕನ್ನಡನಾಡಿನ ಸಹಕಾರ ಸಂಘಗಳು ನಿಂತುಬಂದಿರುವುದು ಸದಸ್ಯರ ಪರಸ್ಪರ ವಿಶ್ವಾಸದ ಮೇಲೆ, ಮತ್ತು ಆ ವಿಶ್ವಾಸಕ್ಕೆ ಸಾಕ್ಷಿಯಾಗಿ ಸಂಘದ ಗುಮಾಸ್ತರು ಪ್ರತಿದಿನವೂ ಬರೆದಿಡುವ ಲೆಕ್ಕದ ಮೇಲೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿಯ ಸೀಮೆಯಲ್ಲಿ ಐದಾರು ಎಕರೆಯ ಸಣ್ಣ ಬೆಳೆಗಾರನಿಗೆ ಗೊಬ್ಬರ, ಬೆಳೆಸಾಲ, ಪಡಿತರಗಳೆಲ್ಲಕ್ಕೂ ಆಶ್ರಯವಾಗಿರತಕ್ಕ ಈ ಸಂಸ್ಥೆಗಳ ಲೆಕ್ಕವು ಈಗ ಕಾಗದದ ವಹಿಗಳನ್ನು ಬಿಟ್ಟು ಗಣಕಯಂತ್ರವನ್ನು ಸೇರಬೇಕಾದ ಕಾಲ ಬಂದಿದೆ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು 2,516 ಕೋಟಿ ರೂಪಾಯಿಗಳ ವೆಚ್ಚದಲ್ಲಿ ಗಣಕೀಕರಿಸುವ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2022ರ ಜೂನ್‌ನಲ್ಲಿ ಸಮ್ಮತಿಯಿತ್ತಿತು. ನಬಾರ್ಡಿನ ಉಸ್ತುವಾರಿಯಲ್ಲಿ ಇವೆಲ್ಲಕ್ಕೂ ಇ.ಆರ್.ಪಿ. ಎಂಬ ಬಗೆಯ ಒಂದೇ ತಂತ್ರಾಂಶವೆಂದು ನಿಶ್ಚಯವಾಯಿತು. ಯಂತ್ರ, ತಂತ್ರಾಂಶ, ಹಳೆಯ ದಾಖಲೆಗಳ ಗಣಕೀಕರಣಗಳ ಜತೆಗೆ ಸಿಬ್ಬಂದಿಯ ತರಬೇತಿಯೂ ಆ ಯೋಜನೆಯ ಒಂದು ಅಂಗ. ಅದು ಕಡೆಯ ಅಂಗವೆಂದು ಎಣಿಸಲ್ಪಡದೆ ಮೊದಲನೆಯದಾಗಬೇಕೆಂಬುದೇ ಈ ಲೇಖನದ ವಿಜ್ಞಾಪನೆ.

ಏತಕ್ಕೆಂದರೆ, ಹಳೆಯ ವಹಿಗೂ ಈ ಹೊಸ ವ್ಯವಸ್ಥೆಗೂ ಇರುವ ಭೇದವು ಬರಿಯ ಲೇಖನಿಗೂ ಕೀಲಿಮಣೆಗೂ ಇರುವ ಭೇದವಲ್ಲ. ಒಬ್ಬ ಸದಸ್ಯನಿಗೆ ಸಾಲದ ಲೆಕ್ಕದಲ್ಲಿ ಹತ್ತು ಮೂಟೆ ಗೊಬ್ಬರ ಕೊಟ್ಟರೆ, ಹಿಂದೆ ಗುಮಾಸ್ತರು ದಾಸ್ತಾನು ಪುಸ್ತಕದಲ್ಲಿ ಒಮ್ಮೆ, ಸಾಲದ ಖಾತೆಯಲ್ಲಿ ಒಮ್ಮೆ, ದಿನವಹಿಯಲ್ಲಿ ಮತ್ತೊಮ್ಮೆ ಬರೆಯುತ್ತಿದ್ದರು. ಶ್ರಮವು ಹೆಚ್ಚಾದರೂ ಅದರಲ್ಲಿ ಒಂದು ರಕ್ಷಣೆಯಿತ್ತು: ಒಂದು ಪುಸ್ತಕದ ತಪ್ಪನ್ನು ಇನ್ನೊಂದು ಪುಸ್ತಕ ಬಯಲಿಗೆಳೆಯುತ್ತಿತ್ತು, ತಿಂಗಳ ಕೊನೆಯಲ್ಲಿ ತಾಳೆ ಬೀಳದಿದ್ದರೆ, ರಾತ್ರಿ ಕುಳಿತಾದರೂ ಕಾರಣವನ್ನು ಹುಡುಕಿಯೇ ಏಳುತ್ತಿದ್ದರು. ಇ.ಆರ್.ಪಿ. ತಂತ್ರಾಂಶದಲ್ಲಾದರೋ, ಒಮ್ಮೆ ನಮೂದಿಸಿದ ಅಂಕಿಯೇ ಯಾವತ್ತೂ ಪುಸ್ತಕಗಳಿಗೆ ತಾನಾಗಿ ಹರಿದುಹೋಗುತ್ತದೆ. ಆದಕಾರಣ ತಪ್ಪು ನಮೂದಿಸಿದರೆ ಎಲ್ಲ ಪುಸ್ತಕಗಳೂ ಆ ತಪ್ಪನ್ನೇ ಒಕ್ಕೊರಲಿನಿಂದ ನುಡಿಯುತ್ತವೆ; ತಾಳೆ ಬೀಳುತ್ತದೆ, ಲೆಕ್ಕ ಮಾತ್ರ ಸುಳ್ಳಾಗಿರುತ್ತದೆ. ಇಂಥ ವ್ಯವಸ್ಥೆಯನ್ನು ನಡೆಸತಕ್ಕವರಿಗೆ ಯಾವ ಗುಂಡಿಯನ್ನು ಒತ್ತಬೇಕೆಂಬುದಷ್ಟೇ ತಿಳಿದರೆ ಸಾಲದು. ಒತ್ತಿದೊಡನೆ ಯಾವ ಯಾವ ಖಾತೆಗಳಲ್ಲಿ ಏನೇನು ಆಗುತ್ತದೆಂಬುದು ಮನಸ್ಸಿನಲ್ಲಿ ಮೂಡಬೇಕು.

ಇದರ ಫಲಾಫಲವು ನೇರವಾಗಿ ಬೆಳೆಗಾರನ ಮನೆಯನ್ನು ಮುಟ್ಟುತ್ತದೆ. ಸಹಕಾರ ಸಂಸ್ಥೆಗಳಿಂದ ಶೂನ್ಯ ಬಡ್ಡಿಗೆ ದೊರೆಯುವ ಅಲ್ಪಾವಧಿ ಬೆಳೆಸಾಲದ ಮಿತಿಯನ್ನು ರಾಜ್ಯ ಸರ್ಕಾರವು 2023ರಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗಳಿಗೆ ಏರಿಸಿತು. ಆದರೆ ಈ ರಿಯಾಯಿತಿ ವಾಯಿದೆಯೊಳಗೆ ಸಾಲ ತೀರಿಸಿದವನಿಗೆ ಮಾತ್ರ. ಮರುಪಾವತಿಯ ತಾರೀಖು ಒಂದು ದಿನ ಹಿಂದುಮುಂದಾಗಿ ನಮೂದಾದರೆ, ಪ್ರಾಮಾಣಿಕವಾಗಿ ಹಣ ಕಟ್ಟಿದ ಮನುಷ್ಯನು ಸುಸ್ತಿದಾರರ ಪಟ್ಟಿಯನ್ನು ಸೇರಿ, ಬಡ್ಡಿಯ ಹೊರೆಯನ್ನೂ ಅದಕ್ಕಿಂತ ಭಾರವಾದ ಅಪಮಾನವನ್ನೂ ಹೊರಬೇಕಾಗುತ್ತದೆ. 2018ರ ಸಾಲಮನ್ನಾದ ಕಾಲದಲ್ಲಿ ಆಧಾರ್, ಪಡಿತರ ಚೀಟಿ, ಸರ್ವೆ ನಂಬರುಗಳು ಒಂದಕ್ಕೊಂದು ಹೊಂದದೆ ರೈತರು ಸಂಘಕ್ಕೂ ಕಚೇರಿಗಳಿಗೂ ಅಲೆದದ್ದನ್ನು ಮಲೆನಾಡು ಇನ್ನೂ ಮರೆತಿಲ್ಲ.

ನಮ್ಮ ಸೀಮೆಯಲ್ಲಿ ಈ ಹೊಂದಾಣಿಕೆಯೇ ಒಂದು ವಿದ್ಯೆ. ಒಂದೇ ಊರಿನಲ್ಲಿ ಒಂದೇ ಹೆಸರಿನ ಮೂವರು ಗೌಡರಿರುತ್ತಾರೆ. ತಂದೆಯ ಹೆಸರಿನಲ್ಲಿಯೇ ಉಳಿದ ಪಹಣಿಯ ಜಮೀನನ್ನು ನಾಲ್ವರು ಮಕ್ಕಳು ಬಾಯಿಮಾತಿನ ಪಾಲಿನಂತೆ ಅನುಭವಿಸುತ್ತಿರುತ್ತಾರೆ. ಒಂದೇ ಸರ್ವೆ ನಂಬರಿನಲ್ಲಿ ಕಾಫಿ, ಮೆಣಸು, ಅಡಿಕೆಗಳು ಬೆರೆತಿರುತ್ತವೆ. ಯಾರ ಷೇರು ಯಾವುದು, ಯಾರ ಜಾಮೀನು ಯಾರಿಗೆ, ಹಳೆಯ ಖಾತೆಯ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಗುರುತಿನ ಅರ್ಥವೇನು ಎಂಬುದನ್ನು ಬಲ್ಲವರು ಇಪ್ಪತ್ತು ಮೂವತ್ತು ವರ್ಷ ಆ ಮೇಜಿನ ಮುಂದೆ ಕುಳಿತವರೇ ಹೊರತು ಅನ್ಯರಲ್ಲ. ಆ ಹಿರಿಯ ಗುಮಾಸ್ತರನ್ನು ಪಕ್ಕಕ್ಕೆ ಸರಿಸಿ, ದಾಖಲೆಗಳನ್ನು ಏರಿಸುವ ಕೆಲಸವನ್ನು ಎಲ್ಲಿಂದಲೋ ಬಂದ ಗುತ್ತಿಗೆಯವರಿಗೆ ಒಪ್ಪಿಸಿದರೆ, ಹಳೆಯ ವಹಿಯ ಅಂಕಿಗಳೇನೋ ಯಂತ್ರವನ್ನು ಸೇರಬಹುದು. ಅವುಗಳ ಅರ್ಥವು ಸೇರುವುದಿಲ್ಲ.

ಸಾಮಾನ್ಯವಾಗಿ ನಡೆಯುವ ತರಬೇತಿಯ ಕ್ರಮವಾದರೂ ಎಂಥದು? ಜಿಲ್ಲಾ ಕೇಂದ್ರದ ಸಭಾಂಗಣವೊಂದರಲ್ಲಿ ಒಂದೆರಡು ದಿನ, ಪರದೆಯ ಮೇಲೆ ಅವಸರದಿಂದ ಸರಿದುಹೋಗುವ ಇಂಗ್ಲಿಷ್ ಪದಗಳು, ತಂತ್ರಾಂಶವನ್ನು ಬಲ್ಲವರಾದರೂ ದಿನವಹಿಯನ್ನು ಕಾಣದ ಬೋಧಕರು, ಕೊನೆಗೊಂದು ಪ್ರಮಾಣಪತ್ರ. ಕಳಸದಿಂದಲೋ ಸಂಸೆಯಿಂದಲೋ ಬೆಳಗಿನ ಬಸ್ಸು ಹಿಡಿದು ಬಂದವರು ಊರಿಗೆ ಮರಳಿದ ಮೇಲೆ ಮೊದಲನೆಯ ತೊಡಕು ಬಂದೊಡನೆ ಕೇಳಲು ಯಾರೂ ಇರುವುದಿಲ್ಲ. ಆಗ ಸಂಘವು ಅಲ್ಪ ಸಂಬಳಕ್ಕೆ ಒಬ್ಬ ಹುಡುಗನನ್ನು ‘ಆಪರೇಟರ್’ ಎಂದು ನೇಮಿಸಿ, ನಮೂದಿಸುವವರಿಗೊಂದು, ಅದನ್ನು ಪರಿಶೀಲಿಸಿ ಮಂಜೂರು ಮಾಡುವವರಿಗೊಂದು ಎಂದು ಪ್ರತ್ಯೇಕವಾಗಿರಬೇಕಾದ ಗುಪ್ತಪದಗಳೆರಡನ್ನೂ ಅವನ ಕೈಗೇ ಕೊಟ್ಟುಬಿಡುತ್ತದೆ. ಸಹಿ ಮುಖ್ಯ ಕಾರ್ಯನಿರ್ವಹಣಾಧಿಕಾರಿಯದು, ಹೊಣೆ ಆಡಳಿತ ಮಂಡಳಿಯದು, ಲೆಕ್ಕವು ಮಾತ್ರ ಇವರಾರೂ ಅರಿಯದ್ದು. ಹಣಕಾಸಿನ ಸಂಸ್ಥೆಗೆ ಇದಕ್ಕಿಂತ ಅಪಾಯಕರವಾದ ಸ್ಥಿತಿ ಇನ್ನೊಂದಿಲ್ಲ.

ನಮ್ಮ ಗುಮಾಸ್ತರಿಗೆ ಯಂತ್ರವು ಒಗ್ಗದೆಂಬ ಮಾತು ಮಾತ್ರ ಅನ್ಯಾಯದ್ದು. ರಸಗೊಬ್ಬರ ಮಾರಾಟವು ಆಧಾರ್ ದೃಢೀಕರಣಕ್ಕೆ ಒಳಪಟ್ಟು, ಪಿ.ಓ.ಎಸ್. ಯಂತ್ರವು ದೇಶದಾದ್ಯಂತ ಬಂದದ್ದು 2018ರಲ್ಲಿ. ಅಂದಿನಿಂದಲೂ ಅದನ್ನು ನಡೆಸುತ್ತಿರುವವರು, ಪಡಿತರದ ಬೆರಳಚ್ಚನ್ನು ಪಡೆಯುತ್ತಿರುವವರು ಇವರೇ. ಅದಕ್ಕೂ ಹಿಂದೆ ‘ಭೂಮಿ’ ಯೋಜನೆಯು ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದ ಮೇಲೆ, ತಾಲ್ಲೂಕು ಕೇಂದ್ರಗಳಲ್ಲಿ ಆ ಗಣಕಗಳನ್ನು ನಡೆಸಿದವರು ಜಮೀನಿನ ದಾಖಲೆಯ ಪರಿಚಯವುಳ್ಳ ಗ್ರಾಮಲೆಕ್ಕಿಗರು. ವಿಷಯವನ್ನು ಬಲ್ಲವನಿಗೆ ಯಂತ್ರವನ್ನು ಕಲಿಸುವುದು ಸುಲಭ. ಯಂತ್ರವನ್ನು ಬಲ್ಲವನಿಗೆ ವಿಷಯವನ್ನು ಕಲಿಸಲು ವರ್ಷಗಳು ಬೇಕು. ತೋಟಗಳಲ್ಲಿ ಕೂಲಿಯಾಳುಗಳ ಹಾಜರಿಪಟ್ಟಿಯಾದ ಚೆಕ್‌ರೋಲನ್ನು ಗಣಕಕ್ಕೆ ತಂದ ದೊಡ್ಡ ಎಸ್ಟೇಟುಗಳ ರೈಟರುಗಳ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ.

ಆದುದರಿಂದ ಪಾಠವು ಸಂಘದ ಕಟ್ಟಡದಲ್ಲಿಯೇ, ಸಂಘದ ಸ್ವಂತ ಪುಸ್ತಕಗಳನ್ನು ಮುಂದಿಟ್ಟುಕೊಂಡು, ಕನ್ನಡದಲ್ಲಿ ನಡೆಯಲಿ. ಪ್ರಾದೇಶಿಕ ಭಾಷೆಯ ತಂತ್ರಾಂಶವೆಂದು ಯೋಜನೆಯೇ ವಾಗ್ದಾನ ಮಾಡಿದೆ; ಜಮಾ, ಖರ್ಚು, ಶಿಲ್ಕು, ಅಡಾವೆ ಎಂದು ತಲೆಮಾರುಗಳಿಂದ ಬಳಸಿದ ಪದಗಳೇ ಪರದೆಯ ಮೇಲೂ ಇರಲಿ. ಸಂಘದಲ್ಲಿ ಇರುವವರೇ ಇಬ್ಬರು ಮೂವರು. ಅವರು ಕಲಿಯುವ ದಿನಗಳಲ್ಲಿ ಕೌಂಟರನ್ನು ನೋಡಿಕೊಳ್ಳಲು ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕು ಬದಲಿ ಸಿಬ್ಬಂದಿಯನ್ನು ಕಳುಹಿಸಲಿ. ಕಾಲವನ್ನೂ ಮಲೆನಾಡಿನ ಪಂಚಾಂಗ ನೋಡಿಯೇ ನಿಶ್ಚಯಿಸಬೇಕು. ಆಷಾಢ ಶ್ರಾವಣಗಳ ಮಳೆಯಲ್ಲಿ ಮರ ಬಿದ್ದು ವಿದ್ಯುತ್ತು ದಿನಗಟ್ಟಲೆ ಇರುವುದಿಲ್ಲ, ನವೆಂಬರಿನಿಂದ ಅರೇಬಿಕಾ, ಅದರ ಬೆನ್ನಿಗೇ ರೊಬಸ್ಟಾ ಕೊಯ್ಲು, ಮಾರ್ಚಿನಲ್ಲಿ ವಸೂಲಿ, ಮುಂಗಾರಿಗೆ ಮುನ್ನ ಗೊಬ್ಬರದ ನೂಕುನುಗ್ಗಲು. ಸೆಪ್ಟೆಂಬರಿನ ಮಹಾಸಭೆಗಳು ಮುಗಿದು, ಹಣ್ಣು ಕೆಂಪಾಗುವುದಕ್ಕೆ ಮೊದಲು ಸಿಗುವ ಕೆಲವೇ ವಾರಗಳು ಪ್ರಶಸ್ತವಾದವು. ಆ ಬಳಿಕ ಒಂದು ಪೂರ್ಣ ಲೆಕ್ಕದ ವರ್ಷ, ಸಾಲ ಹಂಚಿಕೆಯಿಂದ ಲೆಕ್ಕ ಪರಿಶೋಧನೆಯವರೆಗೆ, ನಾಲ್ಕೈದು ಸಂಘಗಳಿಗೊಬ್ಬ ಅನುಭವಿ ಸಹಾಯಕನು ಬಂದುಹೋಗುತ್ತಿರಬೇಕು. ಸಹಕಾರ ಶಿಕ್ಷಣವನ್ನು ದೀರ್ಘಕಾಲ ನಡೆಸಿಬಂದ ರಾಜ್ಯ ಸಹಕಾರ ಮಹಾಮಂಡಳವು ಇಂಥವರನ್ನು ಸಿದ್ಧಪಡಿಸಲು ಸಮರ್ಥವಾಗಿದೆ.

ಸಂಘದ ಸದಸ್ಯರಾದ ಬೆಳೆಗಾರ ಬಂಧುಗಳಲ್ಲಿ ಒಂದು ಪ್ರಾರ್ಥನೆ. ಬರುವ ಮಹಾಸಭೆಯಲ್ಲಿ ಲಾಭಾಂಶದ ಪ್ರಶ್ನೆಯೊಡನೆ ಇದನ್ನೂ ಕೇಳಿರಿ: ನಮ್ಮ ಸಿಬ್ಬಂದಿಗೆ ಎಷ್ಟು ದಿನಗಳ ಶಿಕ್ಷಣ ದೊರೆಯಿತು, ಮಂಜೂರಾತಿಯ ಗುಪ್ತಪದ ಯಾರ ಕೈಯಲ್ಲಿದೆ, ನನ್ನ ಖಾತೆಯ ಹಳೆಯ ಬಾಕಿಯನ್ನು ಹೊಸ ಲೆಕ್ಕದೊಡನೆ ತಾಳೆ ನೋಡಿದವರು ಯಾರು? ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಿರಿ; ಕಾಗದದ ಖಾತೆಯನ್ನು ಮುಚ್ಚುವ ಮೊದಲು ನಿಮ್ಮ ಬಾಕಿಯ ವಿವರವನ್ನು ಮುದ್ರಿಸಿ, ಸಹಿಯೊಡನೆ ಪಡೆದುಕೊಳ್ಳಿರಿ.