ಶಾಲೆ ಬಿಟ್ಟಾಗ ಯಾರು ಬರ್ತಾರೆ?

ಮೊನ್ನೆ ಬುಧವಾರ ನಾನು ಮಗಳನ್ನು ಮರೆತೆ.

ಇದನ್ನು ಬೇರೆ ರೀತಿ ಹೇಳೋಕೆ ಬರಲ್ಲ. ಅವಳ ಯುಕೆಜಿ ಬಿಡೋದು ಮೂರೂ ಮುಕ್ಕಾಲಿಗೆ. ಜಲನಗರದ ನಮ್ಮ ಮನೆಯಿಂದ ಶಾಲೆಗೆ ಬೈಕ್‌ನಲ್ಲಿ ಐದೇ ನಿಮಿಷ. ಹೆಂಡತಿ ತಿಕೋಟಾದಲ್ಲಿ ಟೀಚರ್, ಬಸ್ ಹಿಡಿದು ಮನೆ ಸೇರೋ ಹೊತ್ತಿಗೆ ಐದೂವರೆ. ನಾನು ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುವವ. ಹಾಗಾಗಿ ಮಗಳನ್ನು ಕರೆತರೋದು ನನ್ನ ಪಾಲಿಗೆ ಬಂದ ಕೆಲಸ. ಅವತ್ತು ಕ್ಲೈಂಟ್ ಕಾಲ್ ಎಳೆಯಿತು. ಫೋನ್ ಸೈಲೆಂಟ್‌ನಲ್ಲಿತ್ತು. ನೋಡಿದಾಗ ನಾಲ್ಕೂ ಇಪ್ಪತ್ತು, ಶಾಲೆಯಿಂದ ಏಳು ಮಿಸ್ಡ್ ಕಾಲ್.

ಓಡಿದೆ. ಗೇಟಿನ ಹತ್ತಿರ ಯಾರೂ ಇರಲಿಲ್ಲ. ಆ ಎರಡು ನಿಮಿಷ ಹೇಗಿತ್ತು ಅನ್ನೋದನ್ನು ಬರೆಯಲ್ಲ, ಮಕ್ಕಳಿದ್ದವರಿಗೆ ಗೊತ್ತಾಗುತ್ತೆ. ಆಮೇಲೆ ಆಯಾ ಹೊರಗೆ ಬಂದು, "ನಿಮ್ಮ ಕಾಕಾ ಬಂದು ಕರಕೊಂಡ ಹೋದ್ರಲ್ರೀ" ಅಂದರು.

ಕಾಕಾ ಅಂದರೆ ಅಪ್ಪನ ತಮ್ಮ. ಎಪ್ಪತ್ತು ದಾಟಿದೆ. ಬಬಲೇಶ್ವರದ ಕಡೆ ಹೊಲ ನೋಡಿಕೊಂಡಿದ್ದವರು, ಈಗ ನಮ್ಮ ಜೊತೆಗೇ ಇದ್ದಾರೆ. ಒಂದು ಕಾಲದ ಪೈಲ್ವಾನರು. ಈಗ ಮಂಡಿ ನೋವು, ಮೆಟ್ಟಿಲು ಹತ್ತೋಕೂ ಗೋಡೆ ಹಿಡೀಬೇಕು. ಶಾಲೆಯವರು ನಾನು ಫೋನ್ ಎತ್ತಲಿಲ್ಲ ಅಂತ ಅವರ ನಂಬರಿಗೆ ಮಾಡಿದ್ದರು. ನಾನು ಬಾಗಿಲು ಹಾಕಿಕೊಂಡು ಕಾಲ್‌ನಲ್ಲಿದ್ದೆ. ನನ್ನನ್ನು ಕರೆಯದೆ, ಆಟೋ ಹಿಡಿದು ಹೋಗಿ ಬಂದಿದ್ದರು. ಮನೆಗೆ ಬಂದರೆ ಇಬ್ಬರೂ ಕಟ್ಟೆ ಮೇಲೆ ಕೂತು ಶೇಂಗಾ ತಿಂತಿದ್ದಾರೆ. ಕಾಕಾ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ಭಾನುವಾರ ತಪ್ಪು ಮುಚ್ಚಿಕೊಳ್ಳೋಕೆ ಅಂತಲೇ ಮಗಳ ಜೊತೆ ಸಿನಿಮಾಕ್ಕೆ ಕೂತೆ. ಅವಳಿಗೆ ಹೊಡೆದಾಟದ ಕಾರ್ಟೂನ್ ಬೇಕು. ನನಗೆ ನನ್ನ ಬಾಲ್ಯ ಬೇಕು. ಎರಡೂ ಸಿಗೋದು 'ಡ್ರ್ಯಾಗನ್ ಬಾಲ್'ನಲ್ಲಿ. ಶಾಲೆ ಬಿಟ್ಟು ಬಂದು ಚೀಲ ಎಸೆದು ಗೋಕು ಕೂದಲು ಬಂಗಾರದ ಬಣ್ಣಕ್ಕೆ ತಿರುಗೋದನ್ನು ಬಾಯಿ ಬಿಟ್ಟುಕೊಂಡು ನೋಡಿದ ಪೀಳಿಗೆ ನಮ್ಮದು. ಅದನ್ನು ಬರೆದ ಅಕಿರಾ ತೋರಿಯಾಮಾ 1984ರಲ್ಲಿ ಚಿತ್ರಕಥೆಯಾಗಿ ಶುರು ಮಾಡಿದ್ದರು. 2024ರ ಮಾರ್ಚ್ 1ರಂದು ತೀರಿಕೊಂಡಾಗ ಅವರಿಗೆ 68. ನಾವು ನೋಡಿದ್ದು 2022ರ 'ಡ್ರ್ಯಾಗನ್ ಬಾಲ್ ಸೂಪರ್: ಸೂಪರ್ ಹೀರೋ'. ಅದರ ಕಥೆ, ಸಂಭಾಷಣೆ ಸ್ವತಃ ತೋರಿಯಾಮಾ ಅವರದು, ನಿರ್ದೇಶನ ಟೆಟ್ಸುರೊ ಕೊಡಾಮಾ ಅವರದು.

ಜಪಾನಿ ಮಾತು, ಕೆಳಗೆ ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ನನ್ನ ವಿಜಯಪುರ ಕನ್ನಡ. ಹೀಗೆ ಶುರುವಾಯಿತು. ಐದು ನಿಮಿಷಕ್ಕೆ ಕಾಕಾ ಕುರ್ಚಿ ಎಳೆದುಕೊಂಡು ಬಂದರು.

"ಯಾವಂವ ಅಂವ, ಹಸರ ಮೈಯಾಂವ?"

"ಪಿಕೊಲೊ ಅಂತ, ಕಾಕಾ. ಬೇರೆ ಗ್ರಹದ ಕುಲದಂವ. ಆ ಸಣ್ಣ ಹುಡುಗಿಗೆ ಕಲಸಾಕತ್ತಾನ."

"ವಸ್ತಾದ ಅನ್ನು ಹಂಗಾರ."

ಹೌದು, ವಸ್ತಾದನೇ. ಆ ಹುಡುಗಿ ಪ್ಯಾನ್, ಮೂರು ವರ್ಷದವಳು. ಅವಳ ಅಪ್ಪ ಗೋಹಾನ್‌ಗೂ ಅವನು ನಾಲ್ಕನೇ ವಯಸ್ಸಿನವನಿದ್ದಾಗ ಕಲಿಸಿದವನು ಇದೇ ಪಿಕೊಲೊ. ಮೈಮೇಲೆ ಭಾರದ ಹೊದಿಕೆ, ತಲೆಗೆ ಭಾರದ ರುಮಾಲು. ತರಬೇತಿಗಾಗಿ ಸದಾ ಆ ತೂಕ ಹೊತ್ತೇ ಓಡಾಡುತ್ತಾನೆ. ಇದನ್ನು ಹೇಳಿದಾಗ ಕಾಕಾ ತಲೆಯಾಡಿಸಿದರು. ಸಂಗ್ರಾಣಿ ಕಲ್ಲು ಎತ್ತಿದ ಮನುಷ್ಯನಿಗೆ ಭಾರದ ವಿಷಯ ಬಿಡಿಸಿ ಹೇಳಬೇಕಿಲ್ಲ. ಸಂಕ್ರಾಂತಿಗೆ ನಮ್ಮೂರ ಸಿದ್ಧೇಶ್ವರ ಜಾತ್ರೆಯಲ್ಲಿ ಭಾರ ಎತ್ತೋದು, ಕುಸ್ತಿ ನೋಡಿದವರಿಗೆ ಈ ಜಪಾನಿ ಕಥೆ ಅಷ್ಟೇನೂ ದೂರದ್ದಲ್ಲ.

ಗೋಹಾನ್‌ನ ಅಪ್ಪ ಗೋಕು ಹುಟ್ಟಿದ್ದೇ ಚೀನಾದ ಹಳೆಯ ಕಥೆಯೊಂದರ ವಾನರ ವೀರನಿಂದ. ಚಿಕ್ಕಂದಿನಲ್ಲಿ ಅವನಿಗೆ ಬಾಲವಿತ್ತು, ಕೈಯಲ್ಲಿ ಉದ್ದವಾಗುವ ಕೋಲು, ಓಡಾಡೋಕೆ ಮೋಡ. ಇಷ್ಟು ಕೇಳಿ ಕಾಕಾ ಕೈ ಜೋಡಿಸಿದರು. ತಾಲೀಮಿನಲ್ಲಿ ದಿನಾ ಹಣಮಪ್ಪನಿಗೆ ನಮಸ್ಕಾರ ಮಾಡಿಯೇ ಕಣಕ್ಕಿಳಿದವರು ಅವರು.

ಆದರೆ ಈ ಸಿನಿಮಾದಲ್ಲಿ ಗೋಕು ಹೆಚ್ಚು ಹೊತ್ತು ಕಾಣಿಸಲ್ಲ. ಬೇರೆ ಗ್ರಹದಲ್ಲಿ ತಾಲೀಮು ಮಾಡ್ತಿರ್ತಾನೆ. ಇದು ಗೋಹಾನ್ ಮತ್ತು ಪಿಕೊಲೊ ಕಥೆ. ಗೋಹಾನ್ ಈಗ ವಿದ್ವಾಂಸ. ಇರುವೆಗಳ ಮೇಲೆ ಪ್ರಬಂಧ ಬರೀತಾ ಕೋಣೆಯಲ್ಲಿ ಮುಳುಗಿದ್ದಾನೆ. ಹೆಂಡತಿ ವಿಡೆಲ್‌ಗೆ ಅವತ್ತು ತನ್ನದೇ ಕೆಲಸವಿದೆ. ಅವಳು ಪಿಕೊಲೊಗೆ ಫೋನ್ ಮಾಡಿ ಕೇಳುತ್ತಾಳೆ: ಪ್ಯಾನ್‌ಳನ್ನು ಶಾಲೆಯಿಂದ ಸ್ವಲ್ಪ ಕರಕೊಂಡು ಬರ್ತೀಯಾ?

ನಾನು ಅನುವಾದ ನಿಲ್ಲಿಸಿದೆ.

"ಯಾಕ ಸುಮ್ನಾದಿ? ಏನಂದಳು ಆಕಿ?" ಅಂದರು ಕಾಕಾ.

ಹೇಳಿದೆ. ಕಾಕಾ ಟಿವಿ ನೋಡುತ್ತಲೇ ಇದ್ದರು. ಮೀಸೆ ಮಾತ್ರ ಒಂಚೂರು ಅಲ್ಲಾಡಿತು. ಮಗಳು ನನ್ನ ಕಡೆ ತಿರುಗಿ, "ಪಪ್ಪಾ, ನಿನ್ನಂಗ!" ಅಂದಳು. ಅವಳಿಗೆ ಅದು ಬರೀ ಖುಷಿಯ ವಿಷಯ, ಅಪ್ಪ ಸಿನಿಮಾದಲ್ಲಿ ಇದ್ದಾನಲ್ಲ!

ಮುಂದಿನ ಕಥೆ ಬೇಗ ಹೇಳ್ತೀನಿ. ರೆಡ್ ರಿಬನ್ ಅನ್ನೋ ಹಳೆಯ ವೈರಿ ಪಡೆ ಮತ್ತೆ ತಲೆ ಎತ್ತಿದೆ, ಎರಡು ಯಂತ್ರಮಾನವರನ್ನು ತಯಾರು ಮಾಡಿದೆ. ಪಿಕೊಲೊ ಅವರದೇ ಸೈನಿಕನ ವೇಷ ಹಾಕಿ ಒಳಗೆ ಸೇರುತ್ತಾನೆ. ಗೋಹಾನ್‌ನನ್ನು ಕೋಣೆಯಿಂದ ಎಬ್ಬಿಸಿ ತರಬೇಕು. ಅದಕ್ಕೆ ಪ್ಯಾನ್‌ಳನ್ನು ಅಪಹರಿಸಿದ ಹಾಗೆ ನಾಟಕ ನಡೆಯುತ್ತೆ. ಪ್ಯಾನ್ ಕೂಡ ಗುಟ್ಟು ಗೊತ್ತಿದ್ದು ಚೆನ್ನಾಗಿ ಅಳುತ್ತಾಳೆ. ಗೋಹಾನ್ ಬರುತ್ತಾನೆ. ಮಳೆಯಲ್ಲಿ, ಕಣ್ಣು ಕೆಂಪಗೆ ಮಾಡಿಕೊಂಡು, ಎದುರಿಗೆ ಬಂದವರನ್ನೆಲ್ಲ ಪುಡಿ ಮಾಡೋ ಹಾಗೆ.

ಚಿಕ್ಕವನಿದ್ದಾಗ ಇಂಥ ದೃಶ್ಯಕ್ಕೆ ನಾನು ಸೋಫಾ ಮೇಲೆ ಹತ್ತಿ ಕುಣಿದವನು. ಈಗಲೂ ಮೈ ಜುಮ್ ಅಂತು. ಕಾಕಾ ಮಾತ್ರ ತಣ್ಣಗೆ ಅಂದರು:

"ಸಿಟ್ಟ ಬಂದಾಗ ಎಲ್ಲಾರೂ ಪೈಲ್ವಾನರ ತಮ್ಮಾ. ಸಿಟ್ಟ ಇಲ್ಲದಾಗ ದಿನಾ ಮುಂಜಾನೆ ನಾಕಕ್ಕ ಎದ್ದ ಸಾಮು ತಗೀತಾನಲ್ಲ, ಅಂವ ಖರೇ ಪೈಲ್ವಾನ."

ಸಿನಿಮಾ ಮುಗಿದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ಮಗಳಿಗೆ ಏನಾದರೂ ಆದರೆ ನಾನೂ ಗೋಹಾನ್ ಥರಾನೇ ನುಗ್ತೀನಿ, ಅದರಲ್ಲಿ ಅನುಮಾನ ಇಲ್ಲ. ನೀವೂ ಅಷ್ಟೆ. ಯಾವ ಅಪ್ಪ-ಅಮ್ಮನೂ ಅಷ್ಟೆ. ಆದರೆ ಮಗುವಿಗೆ ಅಂಥ ದಿನ ಬದುಕಿನಲ್ಲಿ ಒಂದೋ ಎರಡೋ ಸಲ ಬರಬಹುದು, ಬರದೇ ಇದ್ದರೆ ಇನ್ನೂ ಒಳ್ಳೇದು. ಮೂರೂ ಮುಕ್ಕಾಲು ಮಾತ್ರ ದಿನಾ ಬರುತ್ತೆ. ಅದಕ್ಕೆ ಹಿನ್ನೆಲೆ ಸಂಗೀತ ಇಲ್ಲ, ಮಿಂಚಿಲ್ಲ. ಗೇಟಿನ ಹತ್ತಿರ ಬಿಸಿಲಲ್ಲಿ ನಿಂತು, ನೀರಿನ ಬಾಟಲಿ ಎಲ್ಲಿ ಕಳೆದೆ ಅಂತ ಕೇಳೋದು ಅಷ್ಟೆ.

ಈ ವಿಷಯದಲ್ಲಿ ಸಿನಿಮಾ ಗೋಹಾನ್‌ನನ್ನು ಸುಲಭವಾಗಿ ಬಿಟ್ಟುಬಿಡುತ್ತೆ ಅಂತ ನನಗನಿಸಿತು. ಕೊನೆಗೆ ಸೆಲ್ ಮ್ಯಾಕ್ಸ್ ಅನ್ನೋ ರಾಕ್ಷಸ ಎದ್ದಾಗ ಮತ್ತೆ ಸಿಟ್ಟೇ ಅವನಿಗೆ ಹೊಸ ಬಲ ಕೊಡುತ್ತೆ, ಕೂದಲು ಬೆಳ್ಳಗಾಗಿ ನೆಟ್ಟಗೆ ನಿಲ್ಲುತ್ತೆ. ಆ ಹೊತ್ತಿಗೆ ಅವನಿಗೆ ಸಮಯ ಸಿಗಲಿ ಅಂತ ಬೆಟ್ಟದಷ್ಟು ಬೆಳೆದ ಪಿಕೊಲೊ ತನ್ನ ಮೈಯನ್ನೇ ಅಡ್ಡ ಕೊಟ್ಟು ರಾಕ್ಷಸನನ್ನು ಹಿಡಿದು ನಿಂತಿದ್ದಾನೆ. ಕೊನೆಯ ಹೊಡೆತ ಮಾತ್ರ ಪಿಕೊಲೊನದೇ ಪಟ್ಟು. "ವಸ್ತಾದನ ಪಟ್ಟ ಮರತಿಲ್ಲ ನೋಡ, ಹುಡುಗ ಚೊಲೊ ಅದಾನ" ಅಂತ ಕಾಕಾ ಕ್ಷಮಿಸಿದರು. ಗೋಹಾನ್‌ನನ್ನೋ ನನ್ನನ್ನೋ ಗೊತ್ತಾಗಲಿಲ್ಲ.

ಇನ್ನೊಂದು ವಿಷಯ ಹೇಳಿ ಕಾಕಾನನ್ನು ಬೆರಗುಗೊಳಿಸಿದೆ. ಮೂಲ ಜಪಾನಿಯಲ್ಲಿ ಗೋಕುಗೂ ಗೋಹಾನ್‌ಗೂ ದನಿ ಕೊಟ್ಟವರು ಒಬ್ಬರೇ, ಮಸಾಕೊ ನೊಜಾವಾ ಅನ್ನೋ ಹೆಂಗಸು. ಈ ಸಿನಿಮಾ ಬಂದಾಗ ಅವರಿಗೆ 85 ವರ್ಷ. 1986ರಿಂದ ಗೋಕು ದನಿ ಅವರದೇ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯಿ ಸಾಮು ಬಿಟ್ಟಿಲ್ಲ ಹಂಗಾರ" ಅಂದರು.

ಈಗ ನನ್ನ ಫೋನಿನಲ್ಲಿ ಮೂರೂವರೆಗೆ ಅಲಾರಂ ಇದೆ. ಅದರ ಹೆಸರು 'ಸಾಮು'. ಆಫೀಸಿನ ಕ್ಯಾಲೆಂಡರ್‌ನಲ್ಲಿ ಆ ಅರ್ಧ ಗಂಟೆ ಬ್ಲಾಕ್ ಮಾಡಿ, ಮ್ಯಾನೇಜರ್‌ಗೆ ಕಾರಣವನ್ನೂ ಬರೆದು ಕಳಿಸಿದೆ. ಹೆದರಿಕೊಂಡೇ ಕಳಿಸಿದ್ದು. ಅವರು ಹೆಬ್ಬೆರಳಿನ ಇಮೋಜಿ ಹಾಕಿ ಸುಮ್ಮನಾದರು. ಇಷ್ಟು ದಿನ ಕೇಳಿರಲೇ ಇಲ್ಲ ನಾನು.

ಸಿನಿಮಾದ ಕೊನೆಗೆ ಪ್ಯಾನ್‌ಗೆ ಹಾರೋಕೆ ಬರುತ್ತೆ. ಅಂದಿನಿಂದ ನಮ್ಮ ಮಗಳು ದಿನಾ ಶಾಲೆಯಿಂದ ಬಂದ ಕೂಡಲೇ ಕಟ್ಟೆ ಹತ್ತಿ ಜಿಗೀತಾಳೆ. ಕಾಕಾ ಕುರ್ಚಿಯಲ್ಲಿ ಕೂತು, "ಮಂಡಿ ಮಡಚ, ಅವ್ವಿ, ಮಂಡಿ ಮಡಚ ಇಳಿ" ಅಂತ ಹೇಳಿಕೊಡ್ತಾರೆ. ಕೆಳಗೆ ಕೈ ಚಾಚಿ ನಿಲ್ಲೋದು ನನ್ನ ಕೆಲಸ.